ಬ್ರಹ್ಮಗಿರಿಯ ಕಲ್ಲುವೃತ್ತಗಳು

ಕೇಳುಗರಿಗೆ ನಮಸ್ಕಾರ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಅಂದೊಡನೆ ಅಶೋಕನ ಶಾಸನ ನೆನಪಾಗುತ್ತದೆ. ಅದೇ ಬೆಟ್ಟದ ಬುಡದಲ್ಲಿ ದುಂಡಗೆ ಸಾಲುಗಟ್ಟಿದ ಗುಂಡುಕಲ್ಲುಗಳನ್ನು ಮಾತ್ರ ಹೆಚ್ಚಿನವರು ದಾಟಿಕೊಂಡೇ ಹೋಗುತ್ತಾರೆ. ಇಂಥ ಕಲ್ಲಿನ ಕಟ್ಟಡಗಳನ್ನು ನಮ್ಮ ಜನ ಪಾಂಡವರ ಮನೆ ಅನ್ನುತ್ತಾರೆ, ಮೋರ್ಯರ ಮನೆ ಅನ್ನುತ್ತಾರೆ. ಇವು ಕಬ್ಬಿಣಯುಗದವರ ಗೋರಿಗಳು.

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಹತ್ತು ಗೋರಿಗಳನ್ನು ಅಗೆಸಿದರು. ಆರರಲ್ಲಿ ಕಲ್ಲಿನ ಪೆಟ್ಟಿಗೆ, ನಾಲ್ಕರಲ್ಲಿ ಬರೀ ಗುಂಡಿ.

ಪೆಟ್ಟಿಗೆಯ ಜಾಣತನವೆಲ್ಲ ಮೂಲೆಯಲ್ಲಿದೆ. ತಳಕ್ಕೊಂದು ಚಪ್ಪಡಿ, ಸುತ್ತ ನಾಲ್ಕು ಕಣಶಿಲೆ, ಅಂದರೆ ಗ್ರಾನೈಟ್ ಚಪ್ಪಡಿ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ್ದನ್ನು ದಾಟಿ ಹೊರಚಾಚುತ್ತದೆ. ಮೇಲಿಂದ ನೋಡಿದರೆ ಸ್ವಸ್ತಿಕ. ಗಾರೆ ಇಲ್ಲ. ಹೊರಗಿನ ಮಣ್ಣು ಒತ್ತಿದಷ್ಟೂ ಒಂದು ಚಪ್ಪಡಿ ಇನ್ನೊಂದರ ಅಂಚಿಗೆ ಆತುಕೊಂಡು ಬಿಗಿಯಾಗುತ್ತದೆ. ಪೂರ್ವದ ಚಪ್ಪಡಿಯಲ್ಲಿ ಒಂದೂವರೆ ಎರಡು ಅಡಿ ಅಗಲದ ದುಂಡು ಕಿಂಡಿ. ಮೇಲೆ ಮುಚ್ಚುಗಲ್ಲು, ಸುತ್ತ ಕಲ್ಲುಮಣ್ಣಿನ ಗುಪ್ಪೆ. ನಮ್ಮ ಕಣ್ಣಿಗೆ ಬೀಳುವ ವೃತ್ತ ಆ ಗುಪ್ಪೆಯ ಅಂಚುಗಟ್ಟು.

ಒಳಗೆ ಇಡೀ ಅಸ್ಥಿಪಂಜರ ಇರಲಿಲ್ಲ. ಬಿಡಿಬಿಡಿ ಮೂಳೆ, ಅದೂ ಒಬ್ಬರಿಗಿಂತ ಹೆಚ್ಚು ಜನರದ್ದು. ಹಾಗಾದರೆ ಮೈ ಕರಗಿದ್ದು ಎಲ್ಲಿ? ಬರೀ ಗುಂಡಿಗಳತ್ತ ತಿರುಗಿ. ಎಂಟರಿಂದ ಹನ್ನೊಂದು ಅಡಿ ಅಗಲ, ಆರೆಂಟು ಅಡಿ ಆಳ. ತಳದಲ್ಲಿ ನಾಲ್ಕು ಕಲ್ಲು, ಮಂಚದ ಕಾಲಿಗೆ ಕೊಟ್ಟ ಹಾಗೆ. ಮನುಷ್ಯರ ಮೂಳೆ ಮಾತ್ರ ಇಲ್ಲ. ಹೆಣವನ್ನು ಮೊದಲು ಇಲ್ಲಿ ಚಟ್ಟದ ಮೇಲಿಟ್ಟು, ಆಮೇಲೆ ಮೂಳೆ ಆಯ್ದು ಪೆಟ್ಟಿಗೆಗೆ ಸೇರಿಸಿರಬೇಕು ಅಂದರು ವೀಲರ್. ಊಹೆಯೇ, ಆದರೆ ಎರಡೂ ಬಗೆಯ ಗೋರಿಯನ್ನು ಒಟ್ಟಿಗೆ ವಿವರಿಸುವ ಊಹೆ.

ಜೊತೆಗಿಟ್ಟ ಮಡಕೆಗಳ ಬಾಯಿ ಮತ್ತು ಒಳಮೈ ಕಪ್ಪು, ಹೊಟ್ಟೆ ಕೆಂಪು. ಬಣ್ಣ ಬಳಿದದ್ದಲ್ಲ. ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಭಾಗ ಕಪ್ಪಾಗಿ, ಗಾಳಿ ತಾಗಿದ್ದು ಕೆಂಪಾಗುತ್ತದೆ.

ಕಾಲದ ಲೆಕ್ಕದಲ್ಲಿ ಮಾತ್ರ ವೀಲರ್ ಎಡವಿದರು. ಇಲ್ಲಿ ಈ ಗೋರಿ ಕಟ್ಟಿದವರ ಸಂಸ್ಕೃತಿ ಕ್ರಿಸ್ತಪೂರ್ವ 200ರ ಸುಮಾರಿಗೆ ಶುರುವಾಯಿತು ಅಂದಿದ್ದರು. ಹಾವೇರಿ ಜಿಲ್ಲೆಯ ಹಳ್ಳೂರಿನ ಕಬ್ಬಿಣದ ಪದರಕ್ಕೆ, ಹಳೆಯ ವಸ್ತುವಿನ ಕಾಲ ಅಳೆಯುವ ಇಂಗಾಲ ಪರೀಕ್ಷೆ ಕೊಟ್ಟದ್ದು ಕ್ರಿಸ್ತಪೂರ್ವ 1000ದ ಆಸುಪಾಸು.

ನಿಧಿ ಹುಡುಕುವವರು ಮೊದಲು ಮುಚ್ಚುಗಲ್ಲಿಗೆ ಹಾರೆ ಹಾಕುತ್ತಾರೆ. ಸಿಗುವುದು ಮಡಕೆ, ತುಕ್ಕು ತಿಂದ ಕಬ್ಬಿಣ. ಮೂಳೆ ಕದಲಿದರೆ ಯಾವುದು ಯಾವುದರ ಪಕ್ಕ ಇತ್ತು ಅನ್ನುವುದು ಹೋಯಿತು, ಮತ್ತೆ ಹೊಂದಿಸಲಾಗದು. ಆಮೇಲೆ ಗುಂಡುಕಲ್ಲು ಹೊಲದ ಬದುವಿಗೆ, ಚಪ್ಪಡಿ ಕಾಲುವೆ ದಾಟುವುದಕ್ಕೆ. ಅಂಚಿನಲ್ಲಿ ಅರ್ಧಚಂದ್ರದಂತೆ ಕಡಿದ ಚಪ್ಪಡಿ ಎಲ್ಲಾದರೂ ಕಂಡರೆ ನಿಂತು ನೋಡಿ. ಅದು ಒಡೆದ ಕಿಂಡಿಗಲ್ಲು ಇರಬಹುದು.