ಸೈಕಲ್, ವೀಲ್, ಚಕ್ರ

ನಮಸ್ಕಾರ. ಮೊನ್ನೆ ಪಂಕ್ಚರ್ ಅಂಗಡಿಯಲ್ಲಿ ನನ್ನ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದ್ದರು. ಹುಡುಗ ಹಿಂದಿನ ಚಕ್ರವನ್ನು ಗಿರ್ರನೆ ತಿರುಗಿಸಿ, "ಸಾರ್, ಸೈಕಲ್ ವೀಲ್ ಬೆಂಡಾಗಿದೆ" ಅಂದ. ಅವನು ಸ್ಪೋಕ್ ಬಿಗಿ ಮಾಡುತ್ತಾ ಕೂತ, ನಾನು ಅವನ ಮಾತನ್ನೇ ಮೆಲುಕು ಹಾಕುತ್ತಾ ಕೂತೆ. ಯಾಕೆ ಅಂದರೆ ಸೈಕಲ್, ವೀಲ್, ಚಕ್ರ ಈ ಮೂರೂ ಒಂದೇ ತಾಯಿಯ ಮಕ್ಕಳು.

ಆ ತಾಯಿ ಪದ ಹೆಚ್ಚುಕಮ್ಮಿ "ಕ್ವೆಕ್ವ್ಲೊಸ್" ಅಂತ ಇತ್ತು. ಇದನ್ನು ಯಾರೂ ಬರೆದಿಟ್ಟಿಲ್ಲ. ಮಕ್ಕಳ ಮುಖಗಳನ್ನು ಪಕ್ಕಪಕ್ಕ ಇಟ್ಟು ಅಮ್ಮನ ಮುಖ ಹೀಗಿತ್ತು ಅಂತ ಹೇಳುವ ಹಾಗೆ, ಭಾಷೆ ಬಲ್ಲವರು ಸಂಸ್ಕೃತ, ಗ್ರೀಕ್, ಹಳೆಯ ಇಂಗ್ಲಿಷ್ ಎಲ್ಲವನ್ನೂ ಹೋಲಿಸಿ ಕಟ್ಟಿದ ರೂಪ ಇದು. ಬೇರು "ಕ್ವೆಲ್", ಅಂದರೆ ತಿರುಗು. ಅದನ್ನು ಎರಡು ಸಲ ಹೇಳಿದರೆ ತಿರುತಿರುಗುವುದು. ನಾವು ಗಿರಗಿರ ಅನ್ನುತ್ತೇವಲ್ಲ, ಹಾಗೇ.

ಗ್ರೀಕರ ಬಾಯಲ್ಲಿ ಅದು "ಕೂಕ್ಲೊಸ್" ಆಯಿತು, ಅಲ್ಲಿಂದ ಲ್ಯಾಟಿನ್, ಫ್ರೆಂಚ್ ದಾಟಿ ಸೈಕಲ್. ಸಂಸ್ಕೃತದಲ್ಲಿ ಮೊದಲ ಕಕಾರ ಚಕಾರವಾಗಿ, ಲಕಾರ ರೇಫವಾಗಿ ಚಕ್ರ. ಇಂಗ್ಲಿಷಿನ ಪೂರ್ವಜರ ಭಾಷೆಯಲ್ಲಿ ಮಾತ್ರ ಕಕಾರ ಸವೆದು ಹಕಾರವಾಯಿತು. ಹಳೆಯ ಇಂಗ್ಲಿಷಿನಲ್ಲಿ ವೀಲ್ ಅನ್ನುವುದಕ್ಕೆ "ಹ್ವೇಓಲ್" ಅನ್ನುತ್ತಿದ್ದರು. ಇವತ್ತು ವೀಲ್ ಬರೆಯುವಾಗ ಸುಮ್ನೆ ಕೂತಿರುವ ಆ ಎಚ್ ಇದೆಯಲ್ಲ, ಅದು ಹಳೆಯ ಕಕಾರದ ಗುರುತು. ಸಂಸ್ಕೃತದ "ಕಃ" ಅಂದರೆ ಯಾರು, ಇಂಗ್ಲಿಷಿನ "ಹೂ" ಅಂದರೂ ಯಾರು. ಅಲ್ಲೂ ಅದೇ ಕ, ಅದೇ ಹ. ಈ ಅಕ್ಷರಗಳ ಪಲ್ಲಟದ ನಿಯಮವನ್ನು 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ಬಿಡಿಸಿ ತೋರಿಸಿದರು. ನಮಗೆ ಇದು ಹೊಸದೇನಲ್ಲ ಬಿಡಿ, ಹಳಗನ್ನಡದ ಪಾಲು ಹಾಲಾಗಿದ್ದು, ಪುಲಿ ಹುಲಿಯಾಗಿದ್ದು ಗೊತ್ತೇ ಇದೆ ಅಲ್ವಾ?

ನನಗೆ ಜಾಸ್ತಿ ಇಷ್ಟವಾಗುವ ಸಂಗತಿ ಇನ್ನೊಂದಿದೆ. 2002ರಲ್ಲಿ ಸ್ಲೊವೇನಿಯಾದ ಜೌಗು ನೆಲದಲ್ಲಿ 5,000 ವರ್ಷಕ್ಕೂ ಹಳೆಯ ಮರದ ಚಕ್ರವೊಂದು ಸಿಕ್ಕಿತು, ಜೊತೆಗೆ ಅದರ ಅಚ್ಚೂ ಸಿಕ್ಕಿತು. ಅಚ್ಚಿಗೆ ಸಂಸ್ಕೃತದಲ್ಲಿ ಅಕ್ಷ, ಇಂಗ್ಲಿಷಿನಲ್ಲಿ ಆಕ್ಸಲ್. ಇವೂ ಒಂದೇ ಬೇರಿನವು! ಗಾಡಿಯ ಭಾಗಗಳು ಎಷ್ಟು ಹತ್ತಿರವೋ ಅವುಗಳ ಹೆಸರುಗಳೂ ಹಾಗೇ ಜೊತೆಜೊತೆಗೆ ಇಷ್ಟು ದೂರ ಬಂದಿವೆ.

ನಮ್ಮ "ಗಾಲಿ" ಮಾತ್ರ ಬೇರೆ ಮನೆಯದು. ಹಳೆಯ ತಮಿಳಿನಲ್ಲಿ ಚಕ್ರಕ್ಕೆ "ಕಾಲ್" ಅನ್ನುತ್ತಿದ್ದರು, ಗಾಲಿ ಅದರ ಒಡಹುಟ್ಟು.