ಗಲಗಲ ಅಂದರೆ ಒಣಗಿದೆ ಅಂತ

ಬೆಳಗ್ಗೆ ಐದು ಗಂಟೆ. ಇದು ಗೆಳತಿಯ ಮನೆಯ ಬಚ್ಚಲು ಒಲೆ. ಹಂಡೆ ನೀರು ಕಾಯುತ್ತಿದೆ, ಒಲೆ ಮುಂದಿನಿಂದ ಏಳೋಕೆ ಮನಸ್ಸೇ ಇಲ್ಲ.

ಚಿಕ್ಕಮಗಳೂರಿಗೆ ಬಾ ಅಂತ ಅವಳು ಹಾಸ್ಟೆಲ್ ಬಿಟ್ಟಾಗಿನಿಂದ ಕರೆಯುತ್ತಿದ್ದಳು. ಈ ಡಿಸೆಂಬರಿನಲ್ಲಿ ಅಂತೂ ಎರಡು ದಿನ ರಜೆ ಸಿಕ್ಕಿತು.

ಇದು ಮುಳ್ಳಯ್ಯನಗಿರಿ. 1930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ ಬೆಟ್ಟ. ಮೆಟ್ಟಿಲು ಹತ್ತುವಷ್ಟರಲ್ಲಿ ಚಳಿಗಾಳಿಗೆ ಬೆರಳು ಮರಗಟ್ಟಿದ್ದವು. ಕೆಳಗೆ ನೋಡಿ, ಊರೂ ಇಲ್ಲ, ರಸ್ತೆಯೂ ಇಲ್ಲ, ಬರೀ ಮೋಡ. ಇದೇ ಬೆಟ್ಟಸಾಲಲ್ಲಿ ಮುಂದೆ ಹೋದರೆ ಬಾಬಾಬುಡನ್‌ಗಿರಿ. ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಅಲ್ಲಿ ಬಿತ್ತಿದರು ಅಂತ ಹೇಳುತ್ತಾರೆ. ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಇಲ್ಲೇ ನಿಂತು ಆ ಕಥೆ ಕೇಳೋ ಖುಷಿಯೇ ಬೇರೆ.

ಬೆಟ್ಟ ಇಷ್ಟು ಸಾಕು. ಈಗ ಗೆಳತಿಯ ಮನೆಯವರು ಕಾಫಿ ಒಣಗಿಸೋ ಕಣಕ್ಕೆ ಬನ್ನಿ.

ಅರೇಬಿಕಾ ಕಾಫಿ ಕೊಯ್ಲು ನಡೆಯುತ್ತಿದೆ. ಈ ಕಡೆ ಹರಡಿರೋದು ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ, ಸಿಪ್ಪೆ ತೆಗೆದು, ತೊಳೆದ ಬೀಜ, ಅದಕ್ಕೆ ಪಾರ್ಚ್‌ಮೆಂಟ್ ಅಂತಾರೆ. ಆ ಕಡೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸುತ್ತಾರೆ, ಅದು ಚೆರ್ರಿ. ಅದಕ್ಕೆ ಹೆಚ್ಚುಕಮ್ಮಿ ಎರಡು ವಾರ ಬಿಸಿಲು ಬೇಕು. ಸುಮ್ನೆ ಹರಡಿಟ್ಟರೆ ಆಗಲ್ಲ, ಆಗಾಗ ಕೆದಕುತ್ತಾ ಇರಬೇಕು. ಗೆಳತಿಯ ಅಮ್ಮ ಮಧ್ಯಾಹ್ನದ ತನಕ ನೆರಳಿಗೇ ಬರಲಿಲ್ಲ.

ನಾನು ಹತ್ತಿರ ಹೋದಾಗ ಒಂದು ಹಿಡಿ ಚೆರ್ರಿ ತೆಗೆದು ನನ್ನ ಕಿವಿಯ ಪಕ್ಕ ಅಲುಗಾಡಿಸಿದರು. ಸದ್ದಿಲ್ಲ. ಇನ್ನೊಂದು ಮೂಲೆಯಿಂದ ಒಂದು ಹಿಡಿ ತಂದರು. ಗಲಗಲ ಅಂತು, ಒಳಗಿನ ಬೀಜ ಸಿಪ್ಪೆ ಬಿಟ್ಟಿತ್ತು.

"ಇದು ಒಣಗಿದೆ ನೋಡು ಮಗಾ. ಚೀಲ ತುಂಬಬಹುದು."

ಹೋದ ವರ್ಷ ಇದೇ ಹೊತ್ತಿಗೆ ಅವರಿಗೆ ಮೂರು ದಿನ ಮಳೆ ಹಿಡಿಯಿತಂತೆ. ಗಿಡದಲ್ಲಿದ್ದ ಹಣ್ಣು ಒಡೆದು ಉದುರಿತು. ಕಣದಲ್ಲಿದ್ದದ್ದು ಬೂಷ್ಟು ಹಿಡಿಯಿತು. "ಮಾರ್ಚಲ್ಲಿ ಗಿಡ ಹೂ ಬಿಡೋಕೆ ಹೂಮಳೆ ಬರಲಿ ಅಂತ ಕಾಯ್ತೀವಿ, ಈಗ ಬೇಡಪ್ಪ ಅಂತ ಕೈ ಮುಗೀತೀವಿ," ಅಂದರು. ಇಷ್ಟು ವರ್ಷ ದಿನಕ್ಕೆ ಎರಡು ಲೋಟ ಕಾಫಿ ಕುಡಿದಿದ್ದೇನೆ. ಇವರ ಈ ಭಯ ನನಗೆ ಗೊತ್ತೇ ಇರಲಿಲ್ಲ, ಅದು ನನ್ನನ್ನು ತುಂಬಾ ಕಾಡಿತು.

ಸಂಜೆ ಎಲ್ಲವನ್ನೂ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಿದೆವು. ಇಬ್ಬನಿ ತಾಗಬಾರದಲ್ವಾ. ರಾತ್ರಿ ಊಟಕ್ಕೆ ಬಿಸಿ ಕಡುಬು, ಕಾಯಿ ಚಟ್ನಿ.

ನಡುರಾತ್ರಿ ಟಪ್ ಟಪ್ ಸದ್ದಿಗೆ ಎಚ್ಚರವಾಯಿತು. ಗೆಳತಿ ಆಗಲೇ ಟಾರ್ಚ್ ಹಿಡಿದು ಬಾಗಿಲಲ್ಲಿದ್ದಳು. ಇಬ್ಬರೂ ಕಣಕ್ಕೆ ಓಡಿದೆವು. ಮೇಲೆ ನಕ್ಷತ್ರಗಳಿದ್ದವು. ಸಿಲ್ವರ್ ಓಕ್ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು, ಅಷ್ಟೇ.

ನಮ್ಮ ಹಿಂದೆಯೇ ಅಮ್ಮನೂ ಬಂದರು. ಏನೂ ಮಾತಾಡಲಿಲ್ಲ. ಗಾಳಿಗೆ ಎದ್ದಿದ್ದ ಟಾರ್ಪಾಲಿನ ಅಂಚು ಎಳೆದು, ಅದರ ಮೇಲೊಂದು ಕಲ್ಲಿಟ್ಟರು.