ಉದ್ದು ನೆನೆಹಾಕಿದ್ದು ಯಾವಾಗ?

ಅಧ್ಯಕ್ಷರೇ, ವೇದಿಕೆ ಮೇಲಿರುವ ಹಿರಿಯರೇ, ಎದುರಿಗೆ ಕೂತಿರುವ ಓದುಗರೇ,

ನನ್ನನ್ನು ಪರಿಚಯಿಸಿದ ಮೇಷ್ಟ್ರು ಬಹಳ ಪ್ರೀತಿಯಿಂದ ಮಾತಾಡಿದರು. ಮಾತಿನ ನಡುವೆ, ‘ಪತ್ತೇದಾರಿ ಅಂದ್ರೆ ಬಸ್ಸಲ್ಲಿ ಓದಿ ಸೀಟಿನ ಮೇಲೇ ಬಿಟ್ಟು ಇಳಿದುಹೋಗೋ ಸಾಹಿತ್ಯ, ಅದನ್ನೂ ನಮ್ಮ ಮೇಡಂ ಚೆನ್ನಾಗಿ ಬರೀತಾರೆ’ ಅಂತ ಒಂದು ಚಟಾಕಿ ಹಾರಿಸಿದರು. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಬರೆದುಕೊಂಡು ಬಂದ ಭಾಷಣ ಚೀಲದಲ್ಲೇ ಇರಲಿ, ಮೊದಲು ಇದಕ್ಕೆ ಉತ್ತರ ಕೊಟ್ಟುಬಿಡ್ತೀನಿ.

ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರರಾದ ಪುರುಷೋತ್ತಮ, ಅರಿಂಜಯರನ್ನು ಸಮಾಜ ಪಾಠದ ಪುಸ್ತಕದೊಳಗೆ ಬಚ್ಚಿಟ್ಟು ಓದಿದವರು ಈ ಸಭೆಯಲ್ಲೇ ಇದ್ದೀರಿ. ಕೈ ಎತ್ತಬೇಡಿ, ಮೊಮ್ಮಕ್ಕಳು ನೋಡ್ತಿದ್ದಾರೆ. 1972ರ ‘ಬಂಗಾರದ ಮನುಷ್ಯ’ವನ್ನು ನೀವೆಲ್ಲ ಕಣ್ಣೀರು ಹಾಕಿಕೊಂಡು ನೋಡಿದಿರಿ. ಅದರ ಕಾದಂಬರಿ ಬರೆದ ಟಿ.ಕೆ. ರಾಮರಾಯರು ಪತ್ತೇದಾರಿಯನ್ನೂ ಬರೆದವರು. ನಮ್ಮ ಹಳದಿ-ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಪುಸ್ತಕ ಬಸ್ಸಿನ ಸೀಟಿನ ಮೇಲೆ ಉಳಿದರೆ ಉಳೀಲಿ ಮೇಷ್ಟ್ರೇ, ರಾಜ್ಯೋತ್ಸವದ ದಿನ ಆ ಬಸ್ಸಿನ ಮುಂದೆ ಕಟ್ಟೋ ಬಾವುಟ ನಮ್ಮವರದ್ದು.

ಈಗ ನನ್ನ ವಾದ. ಪತ್ತೇದಾರಿಗೆ ಪಿಸ್ತೂಲು ಬೇಡ, ಗುಡುಗು-ಮಿಂಚಿನ ರಾತ್ರಿಯೂ ಬೇಡ. ಬೇಕಾಗಿರೋದು ಮನೆವಾರ್ತೆ. ಯಾರು ಎಷ್ಟು ಹೊತ್ತಿಗೆ ಏಳ್ತಾರೆ, ಹಾಲು ತರೋರು ಯಾರು, ಯಾವ ಚಪ್ಪಲಿ ಬಾಗಿಲ ಯಾವ ಕಡೆ ಬಿಡ್ತಾರೆ – ಇಷ್ಟು ಗೊತ್ತಿರಬೇಕು. ರೂಢಿ ಇದ್ದ ಕಡೆ ಮಾತ್ರ ರೂಢಿ ತಪ್ಪಿದ್ದು ಕಣ್ಣಿಗೆ ಬೀಳುತ್ತೆ. ಷರ್ಲಾಕ್ ಹೋಮ್ಸ್‌ನ ‘ಸಿಲ್ವರ್ ಬ್ಲೇಜ್’ ಬಂದದ್ದು 1892ರಲ್ಲಿ. ಲಾಯದಿಂದ ರೇಸ್ ಕುದುರೆ ಮಾಯ, ಕಾವಲಿನ ನಾಯಿ ಬೊಗಳಲೇ ಇಲ್ಲ. ಬೊಗಳಲಿಲ್ಲ ಅಂದರೆ ಬಂದವನು ಪರಿಚಯದವನೇ, ಕೇಸು ಅಲ್ಲೇ ಬಿಚ್ಚಿಕೊಂಡಿತು. ಜಗತ್ತೆಲ್ಲ ಭೇಷ್ ಅಂತು. ಇದರಲ್ಲಿ ಏನು ಮಹಾ? ನಮ್ಮ ಕೇರಿಯಲ್ಲಿ ಒಂಬತ್ತಾದರೂ ಒಂದು ಮನೆ ಮುಂದೆ ರಂಗೋಲಿ ಬೀಳಲಿಲ್ಲ ಅಂದ್ರೆ ಎದುರುಮನೆಯವರು ಹೋಗಿ ಬಾಗಿಲು ಬಡೀತಾರೆ. ಅವರ ಬಗ್ಗೆ ಯಾರೂ ಕಥೆ ಬರೀಲಿಲ್ಲ, ಅಷ್ಟೆ.

ಇಲ್ಲಿ ನಮ್ಮತ್ತೆ ವಿಷಯ ಹೇಳಲೇಬೇಕು. ಒಂದು ವಾರಪತ್ರಿಕೆಯಲ್ಲಿ ನನ್ನ ಧಾರಾವಾಹಿ ಬರ್ತಿತ್ತು. ತೀರ್ಥಹಳ್ಳಿ ಕಡೆ ಒಂದು ತೋಟದ ಮನೆ, ಡಿಸೆಂಬರ್ ಚಳಿ, ರಾತ್ರಿ ಯಜಮಾನರ ಕೊಲೆ. ಮನೆಯಲ್ಲಿ ಉಳಿದವರೆಲ್ಲ ಗಂಡಸರು, ಒಲೆ ಹಚ್ಚೋಕೂ ಬಾರದವರು ಅಂತ ಮೊದಲ ಕಂತಿನಲ್ಲೇ ಬರೆದಿದ್ದೆ. ಅಡುಗೆಯವಳು ಇನ್‌ಸ್ಪೆಕ್ಟರಿಗೆ ಹೇಳಿಕೆ ಕೊಡ್ತಾಳೆ: ‘ರಾತ್ರಿ ನಾನಿಲ್ಲಿ ಇರ್ಲೇ ಇಲ್ಲ ಸಾರ್, ತವರಿಗೆ ಹೋಗಿದ್ದೆ. ಬೆಳಿಗ್ಗೆ ಫಸ್ಟ್ ಬಸ್ಸಿಗೆ ಬಂದೆ. ಎಲ್ಲರಿಗೂ ಉದ್ದಿನ ದೋಸೆ ಹಾಕಿಕೊಟ್ಟು, ಯಜಮಾನ್ರಿಗೆ ಕಾಫಿ ತಗೊಂಡು ಹೋದರೆ...’ ಆ ದೋಸೆಯನ್ನು ನಾನು ಬೇಕಂತಲೇ ಅಲ್ಲಿ ಇಟ್ಟಿದ್ದೆ. ಕೊನೇ ಕಂತಿನ ಹೊತ್ತಿಗೆ ಇನ್‌ಸ್ಪೆಕ್ಟರಿಗೆ ಹೊಳೀಬೇಕು ಅಂತ ಲೆಕ್ಕ. ಸಂಪಾದಕರು ಓದಿದರು, ಏನೂ ಅನ್ನಲಿಲ್ಲ. ಕರಡು ತಿದ್ದಿದವರು ಅಲ್ಪವಿರಾಮ ಸರಿ ಮಾಡಿ ಕಳಿಸಿದರು.

ನಮ್ಮತ್ತೆ ಜಗಲಿ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಎರಡನೇ ಕಂತು ಮುಗಿಸಿದರು. ‘ಅಲ್ಲ ಕಣೇ, ಈ ಹೆಂಗಸು ರಾತ್ರಿ ಅಲ್ಲೇ ಇದ್ದಳು.’

‘ಯಾಕತ್ತೆ?’

‘ಉದ್ದು ನೆನೆಹಾಕಿದ್ದು ಯಾವಾಗ? ರುಬ್ಬಿದ್ದು ಯಾವಾಗ? ಡಿಸೆಂಬರ್ ಅಂತ ಬೇರೆ ಬರ್ದಿದೀಯ. ನಮ್ ಕಡೆ ಚಳೀಲಿ ಸಂಜೆ ರುಬ್ಬಿ ಒಲೆ ಪಕ್ಕ ಇಟ್ಟರೂ ಹಿಟ್ಟು ಬೆಳಿಗ್ಗೆ ಸರಿಯಾಗಿ ಉಬ್ಬಿರಲ್ಲ. ಇವಳು ಬಸ್ ಇಳಿದು ದೋಸೆ ಹುಯ್ದಳಂತೆ!’

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸಂಜೆ ಭಜನೆಗೆ ಹೋದವರು ಅಲ್ಲೂ ಹೇಳಿಬಿಟ್ಟರು. ಮರುದಿನ ಸೊಪ್ಪಿನವನು, ‘ಅಡುಗೆಯವಳೇ ಅಂತಲ್ಲ ಅಕ್ಕಾ?’ ಅಂದ. ಧಾರಾವಾಹಿ ಇನ್ನೂ ತಿಂಗಳುಗಟ್ಟಲೆ ಓಡಬೇಕು! ನಮ್ಮನೆಯವರು ಬ್ಯಾಂಕಿನವರು, ಗುಟ್ಟು ಅಂದರೆ ಗುಟ್ಟು. ‘ಅಮ್ಮಾ, ಅವಳ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?’ ಅಂತ ಕೇಳಿದರು. ಅತ್ತೆ ಹೇಳಿದ್ದು ಕೇಳಿ: ‘ನಾನು ಅವಳು ಕೊಲೆ ಮಾಡಿದಳು ಅಂದ್ನಾ? ಸುಳ್ಳು ಹೇಳಿದಳು ಅಂದೆ. ಎರಡೂ ಒಂದೇನಾ?’ ನಿಜವಾಗಿಯೂ ಅವಳು ಕೊಲೆ ಮಾಡಿರಲಿಲ್ಲ, ಮಾಡಿದವರನ್ನು ಮುಚ್ಚಿಡ್ತಿದ್ದಳು. ಇದೇ ಮಾತು ಹೇಳೋಕೆ ನನ್ನ ಇನ್‌ಸ್ಪೆಕ್ಟರಿಗೆ ಒಂದು ಇಡೀ ಅಧ್ಯಾಯ ಬೇಕಾಯಿತು.

ಇನ್ನೂ ಇದೆ. ಕಥೆ ಮುಗಿದ ಮೇಲೆ ಮಂಗಳೂರಿನಿಂದ ಒಬ್ಬ ಓದುಗರ ಪತ್ರ ಬಂತು: ‘ಮೇಡಂ, ಅದು ನೀರುದೋಸೆ ಆಗಿದ್ದರೆ?’ ನೋಡಿ ತಲೆ! ನೀರುದೋಸೆಗೆ ಉದ್ದೂ ಬೇಡ, ಹಿಟ್ಟು ಉಬ್ಬೋದೂ ಬೇಡ. ಅಕ್ಕಿ ಒಂದೆರಡು ಗಂಟೆ ನೆಂದರೆ ಸಾಕು. ಆಕೆ ವಕೀಲೆ ಆಗಿದ್ದರೆ ನನ್ನ ಅಡುಗೆಯವಳಿಗೆ ಅವತ್ತೇ ಜಾಮೀನು. ಉದ್ದಿನ ದೋಸೆ ಅಂತ ಬಿಡಿಸಿ ಬರೆದಿದ್ದಕ್ಕೆ ಬಚಾವಾದೆ. ಅಂದರೆ ಮಲೆನಾಡಿನಲ್ಲಿ ಒಪ್ಪುವ ಸಾಕ್ಷ್ಯ ಕರಾವಳಿಯಲ್ಲಿ ಬಿದ್ದುಹೋಗಬಹುದು. ಮನೆವಾರ್ತೆ ಅಂದೆನಲ್ಲ, ಅದು ಊರಿಗೊಂದು ಥರ.

ನಗೋದು ಮುಗೀತಾ? ಈಗ ನಗು ಬಾರದ ಮಾತು. ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಣ ಬಂಗಲೆಯ ಲೈಬ್ರರಿಯಲ್ಲಿ ಸಿಗುತ್ತೆ. ನಾನು ಹುಡುಗಿಯಾಗಿದ್ದಾಗ ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಸಿಗ್ತಿದ್ದದ್ದು ಅಡುಗೆಮನೆಯಲ್ಲಿ: ‘ಸ್ಟೌವ್ ಸಿಡಿದು ಗೃಹಿಣಿ ಸಾವು.’ ನಾಲ್ಕು ಸಾಲು, ಮುಗೀತು. ನಮ್ಮತ್ತೆ ಅದನ್ನು ಗಟ್ಟಿಯಾಗಿ ಓದಿ ಕೇಳಿದ್ದರು: ‘ಮನೇಲಿ ಅತ್ತೆನೂ ಸ್ಟೌವ್ ಹಚ್ತಾಳೆ, ನಾದಿನೀನೂ ಹಚ್ತಾಳೆ. ಸೊಸೆ ಯಾರು ಅಂತ ಆ ಸ್ಟೌವಿಗೆ ಹೇಗೆ ಗೊತ್ತಾಗುತ್ತೆ?’ ಕಾನೂನಿಗೂ ಈ ಪ್ರಶ್ನೆ ಬಂತು, ತಡವಾಗಿ ಬಂತು. 1983ರಲ್ಲಿ ಗಂಡ, ಗಂಡನ ಮನೆಯವರ ಕ್ರೌರ್ಯದ ವಿರುದ್ಧ 498ಎ ಕಲಮು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನ ಬರುವಂತೆ ಸತ್ತರೆ ಈಗ ತಹಶೀಲ್ದಾರರು ಬಂದು ಶವ ಪಂಚನಾಮೆ ಮಾಡ್ತಾರೆ. ಮಾಡಿದರೂ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವು ಆರು ಸಾವಿರಕ್ಕೂ ಹೆಚ್ಚು. ಮೇಷ್ಟ್ರೇ, ಕೊಲೆ ಇರೋದು ಮನೆಯೊಳಗೆ. ಮನೆವಾರ್ತೆ ಗೊತ್ತಿಲ್ಲದವರು ಅದನ್ನು ಪತ್ತೆ ಹಚ್ಚೋದು ಹೇಗೆ, ಬರೆಯೋದು ಹೇಗೆ?

ಕಾನೂನು ಅಂದಾಗ ನೆನಪಾಯ್ತು, ನಮ್ಮಂಥ ಬರಹಗಾರರ ಗೋಳು ಕೇಳಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆ ಈಗ 302 ಅಲ್ಲ, 103. ಹೊಸ ಪುಸ್ತಕದಲ್ಲಿ 302 ಅಂದರೆ ಬೇಕಂತಲೇ ಇನ್ನೊಬ್ಬರ ಧಾರ್ಮಿಕ ಭಾವನೆಗೆ ನೋವಾಗುವಂತೆ ಮಾತಾಡೋದು! ‘ತ್ರೀ ನಾಟ್ ಟೂ ಹಾಕ್ತೀನಿ’ ಅಂತ ನನ್ನ ಇನ್‌ಸ್ಪೆಕ್ಟರ್ ಗುಡುಗಿದರೆ ಅರ್ಥವೇ ಬೇರೆ. ನೂರಾ ಮೂರು ಅಂದರೆ ಜ್ವರ ಬಂದ ಹಾಗೆ ಕೇಳುತ್ತೆ, ಓದುಗರು ಹೆದರಲ್ಲ. 420 ಕೂಡ 318 ಆಗಿದೆ. ಬೈಗುಳ ಮಾತ್ರ ಹಳೇದೇ ನಡೀತಿದೆ.

‘ಹೆಂಗಸಾಗಿ ಕೊಲೆ ಬರೆಯೋಕೆ ಹೇಗೆ ಮನಸ್ಸು ಬರುತ್ತೆ’ ಅಂತ ಹೋದಲ್ಲೆಲ್ಲ ಕೇಳ್ತಾರೆ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡ್ತಾ ವಿಷಗಳ ಲೆಕ್ಕ ಕಲಿತರು. 1920ರಲ್ಲಿ ಬಂದ ಮೊದಲ ಕಾದಂಬರಿಯಲ್ಲೇ ಅದು ಉಪಯೋಗಕ್ಕೆ ಬಂತು. ನನಗೆ ಅಂಥ ಅನುಕೂಲ ಇಲ್ಲ. ಅತ್ತೆಯ ಬಿ.ಪಿ. ಮಾತ್ರೆ ತರೋಕೆ ಹೋದಾಗ ಮೆಡಿಕಲ್ ಶಾಪಿನ ಹುಡುಗನನ್ನ, ‘ಇದನ್ನ ಕಾಫಿಗೆ ಹಾಕಿದರೆ ರುಚಿ ಗೊತ್ತಾಗುತ್ತೇನಪ್ಪಾ?’ ಅಂತ ಕೇಳಿದೆ. ನಾನು ಮನೆ ಮುಟ್ಟೋದರೊಳಗೆ ನಮ್ಮನೆಯವರಿಗೆ ಫೋನ್ ಹೋಗಿತ್ತು. ಆವತ್ತಿಂದ ಮಾತ್ರೆ ತರೋದು ಅವರೇ. ನನಗೊಂದು ಕೆಲಸ ಉಳೀತು, ಆ ಹೊತ್ತಿನಲ್ಲಿ ಬರೀತೀನಿ.

ಚೀಟಿ ಬಂತು. ‘ಐದು ನಿಮಿಷ’ ಅಂತ ಇದೆ, ಅಡಿಗೆರೆ ಬೇರೆ ಹಾಕಿದ್ದಾರೆ. ಧಾರಾವಾಹಿ ಕಾಲ ಮುಗೀತಾ, ಬಾಡಿಗೆ ಲೈಬ್ರರಿಗಳು ಯಾಕೆ ಮುಚ್ಚಿದವು, ಇದೆಲ್ಲ ಹೇಳಬೇಕಿತ್ತು. ಬಿಡಿ. ಮೊಬೈಲ್ ಬಗ್ಗೆ ಒಂದು ಮಾತು ಮಾತ್ರ. ಹಿಂದೆ ಟ್ರಂಕ್ ಕಾಲ್ ಸಿಗಲಿಲ್ಲ ಅಂದರೆ ಎರಡು ಅಧ್ಯಾಯ ದಾಟಬಹುದಿತ್ತು. ಈಗ ನಾಯಕಿ ಅಪಾಯದಲ್ಲಿದ್ದರೆ ಲೊಕೇಶನ್ ಕಳಿಸ್ತಾಳೆ, ಕೊಲೆಗಾರನ ಜಾಡನ್ನು ಟವರ್ ಹೇಳುತ್ತೆ, ಉಳಿದದ್ದನ್ನು ಎದುರು ಅಂಗಡಿಯ ಸಿಸಿಟಿವಿ ಹೇಳುತ್ತೆ. ಅದಕ್ಕೇ ನನ್ನ ಕಾದಂಬರಿಗಳಲ್ಲಿ ಈಚೆಗೆ ಆಗುಂಬೆ ಘಾಟಿ ಜಾಸ್ತಿ ಬರ್ತಿದೆ. ಅಲ್ಲಿ ಸಿಗ್ನಲ್ ಹೋಯ್ತು ಅಂತ ಬರೆದರೆ ಯಾರೂ ಪ್ರಶ್ನೆ ಮಾಡಲ್ಲ.

ಎರಡನೇ ಚೀಟಿ. ಸರಿ, ಊಟಕ್ಕೆ ಏಳಿ. ಬರೆಯೋದರ ಬಗ್ಗೆ ಏನಾದರೂ ಕೇಳೋದಿದ್ದರೆ ಊಟದ ಸಾಲಿನಲ್ಲೇ ಕೇಳಿ, ಹೇಳ್ತೀನಿ. ನಮಸ್ಕಾರ.